ಹಿಡಿದುಕೊಳ್ಳುವವಳು

ನನ್ನ ನಾದಿನಿಯ ಬಗ್ಗೆ ನಾನು ನಾಲ್ಕು ಒಳ್ಳೆಯ ಮಾತಾಡಿದರೆ ನಮ್ಮವರು ಕಿವಿಗೆ ಕೈ ಒಡ್ಡಿ, "ಇನ್ನೊಂದು ಸಲ ಹೇಳು, ಸರಿಯಾಗಿ ಕೇಳಿಸ್ಲಿಲ್ಲ" ಅನ್ನುತ್ತಾರೆ. ಅತ್ತಿಗೆ ನಾದಿನಿ ಅಂದಮೇಲೆ ಒಂದಿಷ್ಟು ಜಟಾಪಟಿ ಇರಲೇಬೇಕೆಂಬುದು ಅವರ ಎಣಿಕೆ. ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಜಗಳವೆಲ್ಲ ಒಂದು ಬೆಕ್ಕಿನ ವಿಷಯಕ್ಕೆ.

ಆ ಬೆಕ್ಕಿಗೆ ದೊರೆ ಎಂದು ಹೆಸರಿಟ್ಟವಳು ನಾನು, ಅದೂ ಹೊಟ್ಟೆಕಿಚ್ಚಿನಿಂದ. ಬೂದು ಬಣ್ಣದ ಗುಂಡುಮುಖದ ಗಂಡುಬೆಕ್ಕು. ಹಾಲು ಹಾಕುವವಳು ನಾನು, ಗಲೀಜು ಬಳಿಯುವವಳು ನಾನು, ಆದರೆ ದೊರೆಯ ಸಿಂಹಾಸನ ಮಾತ್ರ ನಾದಿನಿಯ ತೊಡೆ. ನಾನು ಮುಟ್ಟಲು ಹೋದರೆ ಬಾಡಿಗೆ ಕೊಡದವಳನ್ನು ನೋಡುವ ಹಾಗೆ ನೋಡುತ್ತಿತ್ತು. ಸಂಜೆ ಅವಳು ಕೆಲಸದಿಂದ ಬರುವ ಹೊತ್ತಿಗೆ ಬಾಗಿಲ ಹತ್ತಿರ ಹೋಗಿ ಕೂರುತ್ತಿತ್ತು. ಅವಳಿಗೆ ಮೂವತ್ತು ದಾಟಿತ್ತು. ಎರಡು ಸಲ ಮದುವೆ ಗೊತ್ತಾಗಿ, ಎರಡು ಸಲವೂ ಮುರಿದುಬಿದ್ದಿತ್ತು. "ನನಗೋಸ್ಕರ ಕಾಯೋ ಜೀವ ಅಂತಿದ್ರೆ ಇದೊಂದೇ ಅತ್ತಿಗೆ" ಎಂದು ಅದರ ಕತ್ತು ಸವರುತ್ತಿದ್ದಳು. "ಹಾಗಾದ್ರೆ ಒಲೆ ಮುಂದೆ ನಿಂತಿರೋ ನಾನೇನು ಕಂಬವಾ?" ಎಂದು ನಾನು ರೇಗುತ್ತಿದ್ದೆ.

ಬೆಕ್ಕೊಂದೇ ಅಲ್ಲ. ನಮ್ಮ ಬೀದಿಯ ನಾಯಿಗಳೆಲ್ಲ ಅವಳನ್ನು ಬಸ್‌ಸ್ಟಾಪಿನಿಂದ ಮನೆವರೆಗೆ ಮೆರವಣಿಗೆಯಲ್ಲಿ ಕರೆತರುತ್ತಿದ್ದವು. ಅವಳಿದ್ದದ್ದು ಚಪ್ಪಲಿ ಅಂಗಡಿಯ ಕೆಲಸದಲ್ಲಿ. ದಿನವಿಡೀ ಗಿರಾಕಿಗಳ ಮುಂದೆ ಮಂಡಿಯೂರಿ, ಅವರ ಕಾಲು ಕೈಯಲ್ಲಿ ಹಿಡಿದು ಬೂಟು ತೊಡಿಸುವುದು. ಹೊಸ ಬೂಟೆಂದರೆ ಒದ್ದಾಡಿ ರಂಪ ಮಾಡುವ ಮಕ್ಕಳನ್ನು ಇವಳಿಗೇ ಒಪ್ಪಿಸುತ್ತಿದ್ದರು.

ಒಂದು ದಿನ ಊಟ ಮಾಡುತ್ತಾ, ಉಪ್ಪು ಕೊಡು ಎಂದಷ್ಟೇ ಸಲೀಸಾಗಿ, "ನಾನು ಪಶುವೈದ್ಯರ ಸಹಾಯಕಿ ಕೋರ್ಸ್ ಸೇರ್ಬೇಕು ಅಂತಿದ್ದೀನಿ" ಅಂದಳು.

ನಮ್ಮವರು ತುತ್ತು ಕೆಳಗಿಟ್ಟರು. "ಈ ವಯಸ್ಸಲ್ಲಿ? ಇರೋ ಕೆಲಸ ಬಿಟ್ಟು, ಬೇರೆ ಊರಿಗೆ ಹೋಗಿ?"

"ಅದಕ್ಕೇ ಅಣ್ಣ, ಮೊದಲು ಯಾವುದಾದ್ರೂ ಕ್ಲಿನಿಕ್ಕಲ್ಲಿ ರಜಾ ದಿನ ಪುಕ್ಕಟೆ ಕೆಲಸ ಮಾಡಿ ನೋಡ್ತೀನಿ. ನನ್ನ ಕೈಲಿ ಆಗುತ್ತೆ ಅನ್ನಿಸಿದ್ರೆ ಓದೋಕೆ ಹೋಗ್ತೀನಿ. ಇಲ್ಲಾಂದ್ರೆ ಚಪ್ಪಲಿ ಅಂಗಡಿ ಎಲ್ಲೂ ಓಡಿಹೋಗಲ್ಲ."

ಇಷ್ಟು ನೆಟ್ಟಗೆ ಯೋಚಿಸಿದವಳ ಜೊತೆ ಜಗಳವಾಡುವುದು ಹೇಗೆ? ನಾನು ಜೊತೆಗೆ ಹೊರಟೆ. ತಮಾಷೆ ನೋಡಲು ಅಂತಲೇ ಇಟ್ಟುಕೊಳ್ಳಿ.

ಅವಳು ಹೊರಡುವ ಮುಂಚೆ ಕನ್ನಡಿ ಮುಂದೆ ನಿಂತು ಒಂದು ಮಾತನ್ನು ಉರು ಹೊಡೆದಿದ್ದಳು: "ಚಿಕ್ಕಂದಿನಿಂದಲೂ ನನಗೆ ಪ್ರಾಣಿಗಳು ಅಂದ್ರೆ ತುಂಬಾ ಪ್ರೀತಿ. ಅವಕ್ಕೂ ನನ್ನನ್ನ ಕಂಡ್ರೆ ಪ್ರೀತಿ." ಈ ಮಾತು ಬಾಗಿಲು ತೆಗೆಸುತ್ತದೆ ಎಂದು ಅವಳೂ ನಂಬಿದ್ದಳು, ನಾನೂ ನಂಬಿದ್ದೆ.

ಮೊದಲನೆಯದು ಗಾಜಿನ ಬಾಗಿಲಿನ, ಕನ್ನಡಿಯಂಥ ನೆಲದ ಕ್ಲಿನಿಕ್ಕು. ಕೌಂಟರಿನ ಹುಡುಗಿ ತಲೆಯೆತ್ತದೆ, "ಏನು ತಂದಿದ್ದೀರಿ?" ಎಂದು ಕೇಳಿದಳು. ನಾದಿನಿ, "ಏನೂ ತಂದಿಲ್ಲ, ನಾನೇ ಬಂದಿದ್ದೀನಿ" ಅಂದಳು. ಹುಡುಗಿ ನನ್ನತ್ತ ನೋಡಿದಳು, ಇವಳನ್ನು ನಾನು ತೋರಿಸಲು ತಂದಿದ್ದೇನೋ ಎಂಬಂತೆ. ಪ್ರೀತಿಯ ಮಾತೆಲ್ಲ ಒಪ್ಪಿಸಿದ ಮೇಲೆ 'ಸಂಬಳ ಬೇಡ' ಎಂದದ್ದೇ ತಡ, ಹುಡುಗಿಯ ಹುಬ್ಬು ಮೇಲೇರಿತು. ಪುಕ್ಕಟೆ ಬರುವವರು ಔಷಧಿ ಕದಿಯಲು ಬರುತ್ತಾರೆಂದು ಅವಳಿಗೆ ಯಾರು ಹೇಳಿದ್ದರೋ. ನಯವಾಗಿ ಸಾಗಹಾಕಿದಳು.

ಎರಡನೆಯ ಕಡೆ ಡಾಕ್ಟರೇ ಸಿಕ್ಕರು. ಪೂರ್ತಿ ಕೇಳಿ ನಕ್ಕರು. "ಪ್ರೀತಿ ಇರೋರು ವಾರ ವಾರ ಬರ್ತಾರಮ್ಮ. ಮೊದಲನೇ ಸೂಜಿಗೇ ಅಳ್ತಾ ಮನೆಗೆ ಹೋಗ್ತಾರೆ. ಓದು ಮುಗಿಸ್ಕೊಂಡು ಬನ್ನಿ, ನೋಡೋಣ." ಓದಬೇಕೋ ಬೇಡವೋ ತಿಳಿಯಲೆಂದೇ ಬಂದವಳಿಗೆ ಓದಿ ಬಾ ಎಂದರೆ ಏನು ಮಾಡಬೇಕು? ಹೊರಗೆ ಬಂದ ಮೇಲೆ ಅವಳ ಮುಖ ನೋಡಲಾಗಲಿಲ್ಲ. ತಮಾಷೆ ನೋಡುವ ಉಮೇದು ನನಗೂ ಇಳಿದುಹೋಯಿತು.

ಮೂರನೆಯದು ಟೈರ್ ಅಂಗಡಿಯ ಹಿಂದಿನ ಎರಡು ಕೋಣೆ. ನಾವು ಒಳಗೆ ಕಾಲಿಡುವ ಹೊತ್ತಿಗೆ ಮೇಜಿನ ಮೇಲೆ ಒಂದು ಕಂದು ನಾಯಿ ರಣರಂಪ ಮಾಡುತ್ತಿತ್ತು. ಅದರ ಯಜಮಾನ, ಆರಡಿ ಆಳು, ಗೋಡೆಗೆ ಅಂಟಿಕೊಂಡು ನಿಂತಿದ್ದ. ನರೆತ ಕೂದಲಿನ ಡಾಕ್ಟರಮ್ಮ ನಮ್ಮನ್ನು ನೋಡಿ, "ಏನು ನಿಂತು ನೋಡ್ತೀರಿ? ಬಾಗಿಲು ಹಾಕಿ!" ಎಂದು ಕೂಗಿದರು.

"ಚಿಕ್ಕಂದಿನಿಂದಲೂ ನನಗೆ ಪ್ರಾಣಿಗಳು ಅಂದ್ರೆ..." ಎಂದು ನಾದಿನಿ ಶುರುಮಾಡಿದಳು.

"ಅದು ಆಮೇಲೆ. ಹಿಂಗಾಲು ಹಿಡೀರಿ."

ಅವಳು ಹಿಡಿದಳು. ಕೀಲಿನ ಮೇಲುಗಡೆ, ಬಿಗಿಯಾಗಿ, ಆದರೆ ನೋಯದ ಹಾಗೆ. ಬೂಟು ಬೇಡವೆಂದು ಒದೆಯುವ ಮಗುವಿನ ಕಾಲನ್ನು ಹಿಡಿಯುವುದು ಹೀಗೆಯೇ ಎಂದು ಆಮೇಲೆ ನನಗೆ ಹೇಳಿದಳು. ಸೂಜಿ ಹೊಕ್ಕಿತು, ಬಂತು. ಡಾಕ್ಟರಮ್ಮ ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ತಾವೇ ನಾಯಿಗೆ ಕೊಟ್ಟರು. ನಾಯಿ ಅವರ ಕೈ ನೆಕ್ಕಿ, ನಾದಿನಿಯತ್ತ ತಿರುಗಿ ಗುರ್ ಎಂದಿತು.

"ಭಾನುವಾರ ಬನ್ನಿ. ಹಳೇ ಬಟ್ಟೆ ಹಾಕ್ಕೊಂಡು" ಎಂದರು ಡಾಕ್ಟರಮ್ಮ, ಕೈ ತೊಳೆಯುತ್ತಾ. ಉರು ಹೊಡೆದ ಮಾತು ಅವಳ ಬಾಯಲ್ಲೇ ಉಳಿಯಿತು.

ಭಾನುವಾರಗಳು ಉರುಳಿದವು. ಗೂಡು ತೊಳೆಯುವುದು, ನೆಲ ಒರೆಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದುಕೊಳ್ಳುವುದು. ಒಂದು ತೋಳು ಕತ್ತಿನ ಕೆಳಗೆ, ಇನ್ನೊಂದು ಹೊಟ್ಟೆಯ ಸುತ್ತ, ಪ್ರಾಣಿಯನ್ನು ಎದೆಗೆ ಒತ್ತಿಕೊಂಡು. ನೋಡಿದವರಿಗೆ ಮುದ್ದು ಮಾಡುತ್ತಿದ್ದಾಳೆ ಅನ್ನಿಸಬೇಕು. ಡಾಕ್ಟರು ಚುಚ್ಚುವುದು ಹಿಂದಿನಿಂದ, ಪ್ರಾಣಿಗೆ ಕಾಣುವುದಿಲ್ಲ. ಕಾಣುವುದು ಹಿಡಿದವಳ ಮುಖ ಒಂದೇ. ಬಿಸ್ಕತ್ತಿನ ಡಬ್ಬಿಯೂ ಡಾಕ್ಟರಮ್ಮನ ಸುಪರ್ದಿಯಲ್ಲಿ. "ಅವು ನನ್ನ ಹತ್ರ ಜೀವನಪೂರ್ತಿ ಬರ್ಬೇಕು. ನಿಮ್ಮ ಮೇಲೆ ಸಿಟ್ಟಾದ್ರೆ ನಡೆಯುತ್ತೆ" ಎಂದು ಮುಲಾಜಿಲ್ಲದೆ ಹೇಳಿದ್ದರಂತೆ.

ಸಿಟ್ಟು ಕ್ಲಿನಿಕ್ಕಿನಲ್ಲೇ ಉಳಿಯಲಿಲ್ಲ. ಬೀದಿಯ ನಾಯಿಗಳಿಗೂ ಬೀದಿಯವರೇ ಸೇರಿ ಅಲ್ಲಿ ಲಸಿಕೆ ಹಾಕಿಸಿದ್ದರು, ಹಿಡಿದವಳು ಇವಳೇ. ಮೆರವಣಿಗೆ ನಿಂತುಹೋಯಿತು. ಇವಳು ಬಸ್ಸಿಳಿದರೆ ಅವು ಆಚೆ ಬದಿಗೆ ದಾಟುತ್ತಿದ್ದವು. "ಸಾಲ ವಸೂಲಿಗೆ ಬಂದವಳ ಹಾಗೆ ಆಗಿದ್ದೀಯಲ್ಲೇ" ಎಂದು ನಾನು ಛೇಡಿಸಿದೆ. ಅವಳು ನಗಲಿಲ್ಲ. ಮನೆಗೆ ಬಂದು ಕೈಯನ್ನು ಮತ್ತೆ ಮತ್ತೆ ಸೋಪು ಹಾಕಿ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ದೊರೆಯನ್ನು ತೊಡೆಗೆ ಕರೆಯುತ್ತಿದ್ದಳು. ಅದು ಮೂಸಿ ನೋಡಿ, ಯೋಚಿಸಿ, ಹತ್ತುತ್ತಿತ್ತು. ಅಷ್ಟರಲ್ಲೇ ಅವಳಿಗೆ ಸಮಾಧಾನ.

ಕೋರ್ಸಿಗೆ ಸೇರುವ ದಿನ ಹತ್ತಿರವಾಗುತ್ತಿರುವಾಗ ದೊರೆ ಎಲ್ಲೋ ಕಾದಾಡಿ ಬಂತು. ಬಾಲದ ಬುಡದಲ್ಲಿ ಹಲ್ಲಿನ ಗಾಯ ಕೀವಾಗಿ ಊದಿಕೊಂಡಿತು. ಡಾಕ್ಟರಮ್ಮ ಮಂಪರಿನ ಔಷಧಿ ಕೊಟ್ಟು ಗಾಯ ತೆರೆದರು. "ಇದು ಬೇಗ ಮುಚ್ಚಿಕೊಳ್ಳಬಾರದು. ಬೆಳಿಗ್ಗೆ ಸಂಜೆ ಒಳಗೆ ನೀರು ಬಿಟ್ಟು ತೊಳೀಬೇಕು" ಎಂದರು. ಆಮೇಲೆ ಅವಳತ್ತ ನೋಡಿ ದನಿ ತಗ್ಗಿಸಿದರು. "ಹಿಡ್ಕೊಳ್ಳೋಕೆ ಮನೇಲಿ ಬೇರೆ ಯಾರಾದ್ರೂ ಇದ್ರೆ ನೋಡಿ. ಹಿಡಿದವರನ್ನ ಬೆಕ್ಕು ಕ್ಷಮಿಸಲ್ಲ."

"ನಾನು ಹಿಡೀತೀನಿ" ಎಂದೆ ನಾನು. ಹೇಗೂ ನನಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ಕಳೆದುಕೊಳ್ಳುವುದು ಏನಿತ್ತು?

ಹಿಡಿದೆ. ಅವಳು ಬಿಟ್ಟ ನೀರು ತಾಗಿದ ಕೂಡಲೇ ದೊರೆ ಕೂಗಿದ ಕೂಗಿಗೆ ನನ್ನ ಕೈ ತಾನಾಗಿ ಸಡಿಲವಾಯಿತು. ಅದು ಬೀರು ಹತ್ತಿ ಕೂತಿತು. ಸಂಜೆಯೂ ಅದೇ ಕಥೆ. ನಮ್ಮವರು ಮೀಸೆ ತಿರುವಿ ಬಂದರು, ಮುಂಗೈ ಪರಚಿಸಿಕೊಂಡು ಹೋದರು. ಗಾಯ ಮೇಲೆ ಮುಚ್ಚಿಕೊಂಡು ಒಳಗೆ ಮತ್ತೆ ಕೀವು ಕಟ್ಟಿತು. ದೊರೆ ತಿನ್ನುವುದನ್ನು ಬಿಟ್ಟು, ಮೈ ಕೆಂಡವಾಗಿ ಮೂಲೆ ಹಿಡಿಯಿತು. ಮತ್ತೆ ಹೋಗಿ ತೆರೆಸಿಕೊಂಡು ಬಂದೆವು.

ನಾದಿನಿ ಬಹಳ ಹೊತ್ತು ಅದರ ಪಕ್ಕ ನೆಲದ ಮೇಲೆ ಕೂತಿದ್ದಳು.

"ಅತ್ತಿಗೆ, ಅವಕ್ಕೆ ನಾನಂದ್ರೆ ಇಷ್ಟ ಅಂತ ಈ ಕೆಲಸಕ್ಕೆ ಕೈ ಹಾಕಿದೆ. ಇದು ಇಷ್ಟ ಗಳಿಸೋ ಕೆಲಸವೇ ಅಲ್ಲ. ಇರೋದನ್ನ ಕಳ್ಕೊಳ್ಳೋ ಕೆಲಸ. ಇದೊಂದನ್ನಾದ್ರೂ ಉಳಿಸ್ಕೊಳ್ಳೋಣ ಅಂತ ನೋಡ್ದೆ."

"ಬಿಟ್ಬಿಡೇ" ಎಂದೆ. ನನಗೆ ಅಳುವೇ ಬಂದಿತ್ತು. "ಚಪ್ಪಲಿ ಅಂಗಡಿಗೇನಾಗಿದೆ?"

ಅವಳು ಕಣ್ಣೊರೆಸಿಕೊಂಡು ಎದ್ದಳು, ತೋಳು ಮಡಚಿದಳು, ದೊರೆಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. "ನೀನು ಹಿಂದಿನಿಂದ ತೊಳಿ. ಅದು ಕೂಗುತ್ತೆ, ಕೂಗ್ಲಿ. ಮುಗಿದ್ಮೇಲೆ ಮೀನಿನ ತುಂಡು ನೀನೇ ಕೊಡು. ನಾನು ಕೊಡಲ್ಲ."

ನಾನು ತೊಳೆದೆ. ದೊರೆ ಕೂಗುತ್ತಾ ಅವಳ ಮುಖವನ್ನೇ ನೋಡುತ್ತಿತ್ತು. ಅವಳೂ ಕಣ್ಣು ತಪ್ಪಿಸದೆ ಅದನ್ನೇ ನೋಡುತ್ತಿದ್ದಳು. ಕೈ ಮಾತ್ರ ಕೂದಲೆಳೆಯಷ್ಟೂ ಸಡಿಲಾಗಲಿಲ್ಲ. ಬೆಳಿಗ್ಗೆ, ಸಂಜೆ, ಗಾಯ ಒಳಗಿನಿಂದ ಮಾಗುವವರೆಗೂ ಹೀಗೇ ನಡೆಯಿತು. ಪ್ರತಿ ಸಲವೂ ಮೀನು ಕೊಟ್ಟವಳು ನಾನು.

ದೊರೆ ಬದುಕಿತು, ದಪ್ಪಗಾಯಿತು. ಸಂಜೆ ಅವಳ ಹೆಜ್ಜೆ ಸಪ್ಪಳ ಕೇಳಿದರೆ ಬೀರುವಿನ ಕೆಳಗೆ ನುಸುಳತೊಡಗಿತು. ಅವಳು ಬಾಗಿ ಕರೆಯಲೂ ಇಲ್ಲ. ಕೋರ್ಸಿಗೆ ಸೇರುವುದು ಖಚಿತ ಎಂದು ಅಣ್ಣನಿಗೆ ಹೇಳಿ, ಅಂಗಡಿಯ ಕೆಲಸ ಬಿಟ್ಟು ಬಂದಳು. ನಮ್ಮವರು ಈ ಸಲ ವಯಸ್ಸಿನ ಮಾತೆತ್ತಲಿಲ್ಲ.

ಹೊರಡುವ ಬೆಳಿಗ್ಗೆ ನಾನು ಟೀ ಲೋಟ ಹಿಡಿದು ಕುರ್ಚಿಯಲ್ಲಿ ಕೂತಿದ್ದೆ. ಅವಳು ಒಳಗೆ ಚೀಲ ಕಟ್ಟುತ್ತಿದ್ದಳು. ದೊರೆ ಎಲ್ಲಿಂದಲೋ ಬಂದು, ಸುತ್ತ ನೋಡಿ, ಟಣ್ಣನೆ ನನ್ನ ತೊಡೆಯ ಮೇಲೆ ಹಾರಿ ಮುದುಡಿ ಮಲಗಿತು. ನನ್ನ ಜನ್ಮದಲ್ಲಿ ಮೊದಲ ಸಲ. ಗಾಯಕ್ಕೆ ನೀರು ಬಿಟ್ಟು ಉರಿಸಿದವಳು ನಾನು ಎಂದು ಅದಕ್ಕೇನು ಗೊತ್ತು? ಅದಕ್ಕೆ ಗೊತ್ತಿದ್ದದ್ದು ಮೀನು.

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಗಡಬಡಿಸಿ ಏಳಲು ಹೋದೆ.

"ಏಳ್ಬೇಡ ಅತ್ತಿಗೆ. ಅದು ಎದ್ದು ಹೋಗುತ್ತೆ."

"ಗೇಟಿನ ತನಕವಾದ್ರೂ ಬರ್ತೀನಿ ಕಣೇ."

"ಬೇಡ. ಕೂತಿರು."

ಅವಳು ಒಂದು ಹೆಜ್ಜೆಯೂ ಹತ್ತಿರ ಬರಲಿಲ್ಲ. ಅಲ್ಲಿಂದಲೇ ಕತ್ತು ಚಾಚಿ, ದೊರೆಯ ಬಾಲದ ಬುಡವನ್ನು ದಿಟ್ಟಿಸಿ ನೋಡಿದಳು. ಮುಖ ಅರಳಿತು.

"ಕೂದಲು ಚೆನ್ನಾಗಿ ಬಂದಿದೆ, ಅಲ್ವಾ?" ಎಂದು ಪಿಸುಗುಟ್ಟಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು.