ಫಾರ್ಮ್ಯಾಟ್ ಮಾಡಬಾರದ ಗುಡ್ಡ

ಫಾರ್ಮ್ಯಾಟ್ ಎಂಬ ಶಬ್ದ ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅದಿರಿನ ಲಾರಿಗಳು ಹೊಸಪೇಟೆಯ ರಸ್ತೆಗಳನ್ನು ಹಗಲಿರುಳು ಅರೆಯುತ್ತಿದ್ದ ಕಾಲ ಅದು. ಬೆಳಿಗ್ಗೆ ಒರೆಸಿದ ಕಿಟಕಿ ಮಧ್ಯಾಹ್ನಕ್ಕೆ ಕೆಂಪಾಗುತ್ತಿತ್ತು. ಮದುವೆ ಪತ್ರಿಕೆ ಟೈಪು ಮಾಡಲು ಮನೆಯಲ್ಲಿಟ್ಟುಕೊಂಡಿದ್ದ ನನ್ನ ಕಂಪ್ಯೂಟರಿನೊಳಗೂ ಆ ಧೂಳು ಹೊಕ್ಕು ಫ್ಯಾನು ಗೊರಗೊರ ಎನ್ನುತ್ತಿತ್ತು. ಆಯುಧ ಪೂಜೆಯ ದಿನ ಲಾರಿ ತೊಳೆಸಲು ಹೊರಟಿದ್ದ ತಂಗಿಯ ಗಂಡ, ‘ಇದನ್ನೂ ಕ್ಲೀನ್ ಮಾಡಿಸ್ಕೊಂಡ್ ಬರ್ತೀನ್ರಿ’ ಎಂದು ಕಂಪ್ಯೂಟರಿನ ಡಬ್ಬಿಯನ್ನು ಎತ್ತಿಕೊಂಡು ಹೋದ. ಕಂಪ್ಲಿಯ ರೈಸ್‌ಮಿಲ್ ಮನೆತನದವನು, ಅದಿರಿಗೆ ಬೆಲೆ ಬಂದ ಮೇಲೆ ಲಾರಿ ಕೊಂಡವನು. ಅವನ ಪಾಲಿಗೆ ಯಂತ್ರಗಳೆಲ್ಲ ಒಂದೇ. ಸರ್ವಿಸ್ ಸ್ಟೇಷನ್ನಿನ ಕಂಪ್ರೆಸರ್ ಪೈಪಿನಿಂದ ಗಾಳಿ ಹೊಡೆಸಿದ್ದಾನೆ. ಆ ಪೈಪಿನಲ್ಲಿ ಗಾಳಿಯ ಜೊತೆ ನೀರೂ ಇತ್ತು. ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ನಿಂಬೆಹಣ್ಣು ಹೊತ್ತು ವಾಪಸು ಬಂದ ಡಬ್ಬಿ, ಸ್ವಿಚ್ ಒತ್ತಿದ ಕೂಡಲೇ ಚಟ್ ಎಂದು ಸತ್ತಿತು. ಮದರ್‌ಬೋರ್ಡ್ ಸುಟ್ಟಿತ್ತು.

ಬೋರ್ಡು ಹೋದರೆ ಹಾಳಾಗಿ ಹೋಗಲಿ. ಒಳಗಿನ ಡಿಸ್ಕಿನಲ್ಲಿ ಅವ್ವನ ಗುಡ್ಡ ಇತ್ತು. ಸಂಡೂರು ಕಡೆಯ ಅವಳ ತವರೂರಿನ ಗುಡ್ಡ ಇನ್ನೂ ಹಸಿರಾಗಿದ್ದಾಗ ಯಾರದೋ ಕ್ಯಾಮೆರಾ ಇಸಿದುಕೊಂಡು ನಾನು ತೆಗೆದ ಒಂದೇ ಒಂದು ಫೋಟೋ. ಅದನ್ನು ಪರದೆಗೆ ಹಾಕಿದ್ದೆ. ಗಣಿಯವರು ಗುಡ್ಡವನ್ನು ಬುಡಸಮೇತ ಅಗೆದ ಮೇಲೆ ಅವ್ವ ದಿನವೂ ಚಹಾ ಹಿಡಿದು ಬಂದು ಅದರ ಮುಂದೆ ಕೂಡುತ್ತಿದ್ದಳು. ಬೇರೆ ಪ್ರತಿ ಇರಲಿಲ್ಲ.

ಡಬ್ಬಿಯನ್ನು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಹೊಸ ಬೋರ್ಡು ಕೂಡಿಸಿದ. ವಿಂಡೋಸ್ ಏಳಲು ಹೋಗಿ, ನೀಲಿ ಪರದೆ ತೋರಿಸಿ, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಹಳೆಯ ಬೋರ್ಡಿಗೆ ಒಗ್ಗಿದ್ದ ಅದಕ್ಕೆ ಹೊಸದರ ಗುರುತು ಹತ್ತುತ್ತಿರಲಿಲ್ಲ.

‘ಫಾರ್ಮ್ಯಾಟ್ ಹೊಡದ್ ಬಿಡೋಣ್ರಿ, ಜಲ್ದಿ ಆಗ್ತೈತಿ’ ಎಂದ.

‘ಒಳಗಿನ ಗುಡ್ಡದ ಫೋಟೋ?’

‘ಅದು ಹೋಗ್ತೈತ್ರಿ. ಗುಡ್ಡದ್ದಲ್ಲ? ಬ್ಯಾರೆ ಗುಡ್ಡ ಹಾಕ್ಕೊಡ್ತೀನಿ, ಮಸ್ತ್ ಮಸ್ತ್ ಅದಾವು.’

ಬೇರೆ ಗುಡ್ಡವಂತೆ! ಇವನಪ್ಪನ ಮನೆಯ ಗಂಟೇ? ಅಳಿಸು, ಹೊಸದು ಹಾಕು. ಇಡೀ ಜಿಲ್ಲೆಯೇ ಆಗ ಈ ಮಾತು ಕಲಿತು ಕುಳಿತಿತ್ತು. ಡಬ್ಬಿಯನ್ನು ಅವನ ಕೈಯಿಂದ ಕಿತ್ತುಕೊಂಡು ಮನೆಗೆ ಬಂದೆ. ತೋರಣಗಲ್ಲಿನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದ ಗೆಳೆಯನಿಗೆ ಫೋನು ಹಚ್ಚಿ ಅವನ ಮೇಲೂ ಕೂಗಾಡಿದೆ.

‘ಒದರಬ್ಯಾಡಲೇ. ವಿಂಡೋಸ್ ಸೀಡಿ ಹಾಕು. ಮೊದ್ಲ ಆರ್ ಕೇಳ್ತೈತಿ, ಅದನ್ನ ಒತ್ತಬ್ಯಾಡ, ಎಂಟರ್ ಹೊಡಿ. ಮುಂದ ಹಳೇ ವಿಂಡೋಸ್ ಕಾಣಸ್ತೈತಿ, ಅಲ್ಲಿ ಆರ್ ಒತ್ತು. ರಿಪೇರಿ ಆಗ್ತೈತಿ, ಏನೂ ಅಳಸಂಗಿಲ್ಲ.’

ಹಾಗೇ ಮಾಡಿದೆ. ಅವ್ವ ಬಾಗಿಲಲ್ಲಿ ನಿಂತೇ ಇದ್ದಳು. ಕೊನೆಗೆ ಪರದೆ ಬೆಳಗಿತು; ಬಣ್ಣ ಕೆಟ್ಟು, ಐಕಾನುಗಳ ದಪ್ಪದಪ್ಪ ಅಕ್ಷರಗಳ ಹಿಂದೆ ಗುಡ್ಡ ಕಾಣಿಸಿತು. ನನಗೆ ಕಣ್ಣು ತುಂಬಿತು.

ಸಮಾಧಾನ ಹೇಳಲು ಬಂದಿದ್ದ ತಂಗಿಯ ಗಂಡ ಈ ಪರದೆಯನ್ನು ಹಿಂದೆಂದೂ ನೋಡಿದವನಲ್ಲ. ‘ಭಾಳ ಮಸ್ತ್ ಐತ್ರಿ! ಊಟಿದೇನು?’ ಎಂದ.

ಅವ್ವ ತಿರುಗಿಯೂ ನೋಡಲಿಲ್ಲ. ‘ದಿನಾ ಲಾರ್ಯಾಗ ಹೇರ್ಕೊಂಡ್ ಹೋಗ್ತೀರಲ್ರೀ, ಅದೇ ಗುಡ್ಡ’ ಎಂದಳು.