ಮೈಕಿನ ಪೆಟ್ಟಿಗೆಯಲ್ಲಿಟ್ಟ ಉಪ್ಪು

ಹಮೀದ್ ಕೊಟ್ಟ ಮೈಕ್ ಕೆಟ್ಟದ್ದಾಗಿರಲಿಲ್ಲ. ಕೆಡಿಸಿದ್ದು ನಾನು. ಏಳು ವರ್ಷ ಕಟಪಾಡಿಯ ಜನ ಅವನನ್ನು ಮೋಸಗಾರ ಎಂದರು. ನಾನು ಕೇಳಿಸಿಕೊಂಡು ಎಲೆ ಅಡಿಕೆ ಜಗಿಯುತ್ತಿದ್ದೆ. ನಡೆದದ್ದು ಇಷ್ಟೇ. ಇನ್ನು ಹೇಳಲು ಉಳಿದಿರುವುದು ಹೇಗೆ ಮಾಡಿದೆ ಎನ್ನುವುದು ಮಾತ್ರ — ಅದನ್ನೂ ಹೇಳುತ್ತೇನೆ.

ನಾನು ಕಲಿತದ್ದು ಮೂರನೇ ಕ್ಲಾಸು. ಮನೆಯಲ್ಲಿ ಆಡುವುದು ತುಳು, ಬರೆಯಲು ಬರುವುದು ಈ ಶಾಲೆಯ ಕನ್ನಡ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನನ್ನ ಮೊಮ್ಮಗಳು ವಿದ್ಯಾ ಆಗ ಮಣಿಪಾಲದ ಒಂದು ಪ್ರೆಸ್ಸಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳಿಗೆ ಹಾಡು ಹಿಡಿದಿಡುವ ಹುಚ್ಚು. ನಮ್ಮ ಹಿಂದಿನ ಕೋಣೆಯಲ್ಲಿ ಮೊದಲು ಭತ್ತ ತುಂಬಿಡುತ್ತಿದ್ದೆವು; ಗದ್ದೆ ಬಿಟ್ಟ ಮೇಲೆ ಅಲ್ಲಿ ಹೆಗ್ಗಣ ಮಾತ್ರ ಇತ್ತು. ಅದನ್ನು ಸ್ಟುಡಿಯೋ ಮಾಡುತ್ತೇನೆ ಎಂದಳು. ಗೋಡೆಗೆ ಹಳೆಯ ಹಾಸಿಗೆ ಹೊಡೆದಳು, ಕಿಟಕಿಗೆ ಕಂಬಳಿ ಕಟ್ಟಿದಳು. ಬಾಯಿಯ ಗಾಳಿ ಮೈಕಿಗೆ ಬಡಿಯದಿರಲು ಕಸೂತಿಯ ಬಳೆಗೆ ತೆಳು ಬಟ್ಟೆ ಬಿಗಿಯಬೇಕಿತ್ತು, ಅದನ್ನು ಬಿಗಿದುಕೊಟ್ಟವಳು ನಾನೇ. ಒಳಗೆ ಬಸ್ಸಿನ ಹಾರ್ನ್ ಕೇಳಬಾರದು, ಕೋಳಿ ಕೂಗಬಾರದು, ನಾನು ಕೆಮ್ಮಬಾರದು. ಕೋಳಿಯನ್ನಾದರೂ ಸಾರು ಮಾಡಬಹುದು, ನನ್ನನ್ನು ಎಂತ ಮಾಡುತ್ತೀ ಎಂದು ಕೇಳಿದ್ದೆ.

ಕಂಪ್ಯೂಟರ್ ಬಂತು, ಕಿವಿಗೆ ಹಾಕುವುದು ಬಂತು. ಮೈಕ್ ಯಾವುದು ಎಂದು ಮಾತ್ರ ತೀರ್ಮಾನ ಆಗಲಿಲ್ಲ. ಊಟಕ್ಕೆ ಕುಳಿತರೂ ಅದೇ ಮಾತು.

"ಬೇರೆ ಎಲ್ಲ ಆಮೇಲೆ ಬದಲಾಯಿಸ್ಬಹುದು ಅಜ್ಜಿ. ಮೈಕ್ ಹಿಡಿಯದ್ದನ್ನು ಯಾವ ಮೆಷಿನೂ ಹುಟ್ಟಿಸುದಿಲ್ಲ" ಎನ್ನುತ್ತಿದ್ದಳು.

ಹಮೀದ್ ನಮ್ಮ ಹಿತ್ತಿಲಿನ ಆಚೆಯ ಬ್ಯಾರಿಗಳ ಮನೆಯವನು. ದುಬೈಯಲ್ಲಿ ಇಂಥದೇ ಸಾಮಾನಿನ ಅಂಗಡಿಯಲ್ಲಿ ದುಡಿದು ಬಂದು, ಕಟಪಾಡಿ ಜಂಕ್ಷನ್ನಿನಲ್ಲಿ ಸೌಂಡಿನ ಅಂಗಡಿ ಇಟ್ಟಿದ್ದ. ಅವನೇ ಎರಡು ಮೈಕ್ ತಂದು, ಒಂದು ವಾರ ಎರಡರಲ್ಲೂ ಹಾಡಿಸಿ ನೋಡು, ಆಮೇಲೆ ಯಾವುದು ಬೇಕೋ ಹೇಳು ಎಂದು ವಿದ್ಯಾಳ ಕೈಗೆ ಕೊಟ್ಟ. ಒಂದು ಕರಿಯದು, ಭಜನೆಯಲ್ಲಿ ಕೈಯಲ್ಲಿ ಹಿಡಿಯುವಂಥದ್ದು. ಇನ್ನೊಂದು ಮರದ ಪೆಟ್ಟಿಗೆಯೊಳಗೆ ಮಖಮಲ್ಲಿನ ಮೇಲೆ ಮಲಗಿತ್ತು. ಆ ಬೆಲೆಗೆ ಹಾಲು ಕೊಡುವ ಎಮ್ಮೆ ಬರುತ್ತಿತ್ತು.

"ಅಮ್ಮ, ಇದು ಹಸಿ ಬಾಣಂತಿ ಹಾಗೆ. ಥಂಡಿ ಆಗ್ಬಾರ್ದು" ಎಂದ ಹಮೀದ್. ಪೆಟ್ಟಿಗೆಯ ಮೂಲೆಯಲ್ಲಿದ್ದ ಸಣ್ಣ ಚೀಲ ತೋರಿಸಿದ. ಒಳಗೆ ಗಾಜಿನಂಥ ಮಣಿಗಳು. "ತೇವ ಎಲ್ಲ ಇದು ಕುಡೀತದೆ. ಇದನ್ನು ಮಾತ್ರ ತೆಗೀಬೇಡಿ."

ನನಗೆ ದಾರಿ ತೋರಿಸಿದ್ದು ಆ ಮಾತೇ. ಅವನು ಕಾಳಜಿಯಿಂದ ಹೇಳಿದ. ನಾನು ಕೇಳಿಸಿಕೊಂಡದ್ದು ಬೇರೆ.

ಈಗ ನನ್ನ ಹಳೆಯ ಸುಳ್ಳು ಹೇಳಬೇಕು. ನಾಟಿಯ ಗದ್ದೆಯಲ್ಲಿ ಒಬ್ಬಳು ಹಾಡು ಎತ್ತಿಕೊಡುತ್ತಾಳೆ, ಉಳಿದವರು ಕೊನೆಯ ತುಂಡು ಹಿಡಿದು ಮತ್ತೆ ಹೇಳುತ್ತಾರೆ. ಎತ್ತಿಕೊಡುತ್ತಿದ್ದವಳು ನಾನು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೆ. ಅಲ್ಲ. ಎತ್ತಿಕೊಡುತ್ತಿದ್ದವಳು ಅಲೆವೂರಿನ ಕಮಲ. ನಾನು ಬಾಲ ಹಿಡಿಯುವವಳು. ಕಮಲ ಸತ್ತು ಎಷ್ಟೋ ವರ್ಷ ಆಗಿತ್ತು, ಅಲ್ಲ ಎನ್ನುವವರು ಯಾರೂ ಉಳಿದಿರಲಿಲ್ಲ — ಮೊಮ್ಮಗಳು ಕಣ್ಣರಳಿಸಿ ಕೇಳುವಾಗ, ನಾನೇ ಎಂದುಬಿಟ್ಟೆ. ಒಮ್ಮೆ ಅಂದದ್ದನ್ನು ಮತ್ತೆ...

ಸ್ಟುಡಿಯೋದ ಮೊದಲ ಹಾಡು ಅಜ್ಜಿಯದ್ದೇ ಆಗಬೇಕು ಎಂದು ಅವಳ ಹಟ. ಎರಡು ಮೈಕಿನಲ್ಲೂ ಹಾಡಿಸಿದಳು. ಗೊತ್ತಿದ್ದಷ್ಟು ಹಾಡಿದೆ, ಗೊತ್ತಿಲ್ಲದ ಕಡೆ ಗುಂಯ್ ಗುಂಯ್ ಎಂದು ಎಳೆದೆ. ಕರಿಯ ಮೈಕಿನಲ್ಲಿ ಅದು ರಾಗದ ಹಾಗೆ ಕೇಳಿತು. ಪೆಟ್ಟಿಗೆಯ ಮೈಕಿನಲ್ಲಿ — ಹಲ್ಲಿಲ್ಲದ ಸಂದಿನ ಗಾಳಿ, ಉಗುಳು ನುಂಗಿದ್ದು, ಶಬ್ದ ಸಿಗದೆ ತಡವರಿಸಿದ್ದು, ಎಲ್ಲ ಬಿಡಿ ಬಿಡಿ.

ವಿದ್ಯಾ ಕಿವಿಯದ್ದು ಒತ್ತಿ ಹಿಡಿದು ಕೇಳಿದಳು. "ಅಜ್ಜಿ, ಇಲ್ಲಿ ನೀವು ಎಂತ ಹೇಳಿದ್ದು?"

"ಹಳೇ ಶಬ್ದ. ನಿಂಗೆ ಗೊತ್ತಾಗುದಿಲ್ಲ."

"ಇದೇ ಮೈಕ್ ಇಟ್ಕೊಳ್ಳುವ. ನಿಧಾನ ಒಂದೊಂದೇ ಸಾಲು ಹೇಳಿ, ಬರ್ಕೊಳ್ತೇನೆ."

ಮಾರನೆ ದಿನ ಅವಳು ಮಣಿಪಾಲದ ಬಸ್ಸು ಹತ್ತಿದ ಮೇಲೆ ನಾನು ಪೆಟ್ಟಿಗೆ ತೆಗೆದೆ. ಮಣಿಯ ಚೀಲ ಎತ್ತಿ ಒಲೆಗೆ ಹಾಕಿದೆ. ನನ್ನ ನೀಲಿ ಚೌಕುಳಿ ಸೀರೆಯ ತುಂಡಿನಲ್ಲಿ ಒಂದು ಹಿಡಿ ಕಲ್ಲುಪ್ಪು ಕಟ್ಟಿ ಅದೇ ಮೂಲೆಗೆ, ಮಖಮಲ್ಲಿನ ಅಡಿಗೆ ತುರುಕಿದೆ. ಆಟಿ ತಿಂಗಳ ಮಳೆ. ನಮ್ಮ ಕಡೆ ಆಟಿಯಲ್ಲಿ ಉಪ್ಪಿನ ಮರಿಗೆಯಿಂದ ನೀರು ಇಳಿಯುತ್ತದೆ. ಅಡುಗೆಮನೆಯಲ್ಲಿ ಬಾಳಿದ ಯಾವ ಹೆಂಗಸಿಗೂ ಅದು ಗೊತ್ತು. ತಿಳಿಯದೆ ಮಾಡಿದೆ ಎಂದು ಹೇಳುವ ಹಾಗಿಲ್ಲ.

ನಾಲ್ಕನೇ ದಿನಕ್ಕೆ ಮೈಕ್ ಚರಚರ ಎನ್ನತೊಡಗಿತು, ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ವಿದ್ಯಾ ಹಮೀದನನ್ನು ಕರೆಸಿದಳು.

"ಹಮೀದಣ್ಣ, ಯಾರೋ ಬಳಸಿ ಬಿಟ್ಟದ್ದನ್ನು ಹೊಸದು ಅಂತ ನಂಗೆ ಕೊಟ್ರಾ?"

ಅವನ ಮುಖ ಸಣ್ಣದಾಯಿತು. "ಇಲ್ಲ ಮಾರಾಯ್ತಿ, ಸೀಲ್ ಒಡೆದದ್ದೇ ನಿನ್ನ ಎದುರು ಅಲ್ವಾ." ಆಮೇಲೆ ನನ್ನ ಕಡೆ ತಿರುಗಿದ. "ಅಮ್ಮ, ಪೆಟ್ಟಿಗೆ ಯಾರಾದ್ರೂ ಮುಟ್ಟಿದ್ರಾ?"

"ಯಾರು ಮುಟ್ಟುದು? ನಿನ್ನ ಸಾಮಾನೇ ಡೂಪ್ಲಿಕೇಟ್ ಇರ್ಬೇಕು."

ಆ ಮಾತು ನನ್ನ ಬಾಯಿಂದ ಬಂದದ್ದು. ವಿದ್ಯಾ ಅದನ್ನೇ ಪ್ರೆಸ್ಸಿನಲ್ಲಿ ಹೇಳಿದಳು, ಭಜನೆಯವರಿಗೆ ಹೇಳಿದಳು. ಜಂಕ್ಷನ್ನಿನ ರಿಕ್ಷಾದವರು ಅದನ್ನೇ ಅವನ ಹೆಸರು ಮಾಡಿದರು — ಡೂಪ್ಲಿಕೇಟ್ ಹಮೀದ್. ಮದುವೆಯ ಸೌಂಡಿಗೆ ಜನ ಕಾಪುವಿಗೆ ಹೋಗತೊಡಗಿದರು, ಕಾರ್ಕಳದಿಂದ ತರಿಸತೊಡಗಿದರು. ಬಂದ ದಿನವೇ ಅವನು ಪೆಟ್ಟಿಗೆ ಮುಚ್ಚಿ ಕೊಂಡುಹೋಗಿದ್ದ. ಒಳಗಿನ ಗಂಟು ತೆಗೆಯಲು ನನಗೆ ಮರೆತಿತ್ತು. ಏಳು ವರ್ಷ ಅದೇ ನನ್ನನ್ನು ತಿಂದದ್ದು — ನೋಡಿದನೋ, ನೋಡಲಿಲ್ಲವೋ? ಅವನ ಅಂಗಡಿಯ ಎದುರು ಹೋಗಬೇಕಾದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದೆ. ಪಾಪ ಕಾಡಿತು ಎಂದು ಬರೆದರೆ ಸುಳ್ಳಾದೀತು. ಸಿಕ್ಕಿಬೀಳುವ ಭಯ ಕಾಡಿತು.

ವಿದ್ಯಾ ಕರಿಯ ಮೈಕಿನಲ್ಲೇ ನನ್ನ ಹಾಡು ಹಿಡಿದು ಕ್ಯಾಸೆಟ್ ಮಾಡಿದಳು. ಒಬ್ಬ ಮೇಷ್ಟ್ರು ಬಂದು ನನ್ನ ಗುಂಯ್‌ಗುಟ್ಟಿದ್ದನ್ನೂ ಹಳೆಯ ತುಳು ಎಂದು ಬರೆದುಕೊಂಡು ಹೋದರು. ಕಮಲ ಇದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಅಥವಾ... ಇಲ್ಲ, ನಗುತ್ತಿರಲಿಲ್ಲ.

ಕಳೆದ ಸೋಮವಾರ ಸಂಜೆ ಹಮೀದ್ ಬಂದ. ತಲೆ ಅರ್ಧ ನರೆತಿದೆ. ಕೈಯಲ್ಲಿ ಅದೇ ಮರದ ಪೆಟ್ಟಿಗೆ.

"ಅಂಗಡಿ ಬಿಟ್ಟೆ ವಿದ್ಯಾ. ಶುಕ್ರವಾರ ಪುನಃ ದುಬೈಗೆ ಹೋಗುದು. ಈ ಪ್ರಾಯದಲ್ಲಿ ಇನ್ನೊಬ್ಬನ ಕೈಕೆಳಗೆ — ಎಂತ ಮಾಡುದು, ಇಲ್ಲಿ ವ್ಯಾಪಾರ ಇಲ್ಲ. ಇದನ್ನು ಒಣಗಿಸಿ, ಒಳಗಿನದ್ದು ಬದಲಾಯಿಸಿ ಇಟ್ಟಿದ್ದೇನೆ. ನಿಂಗೆ ಇರ್ಲಿ."

ವಿದ್ಯಾ ಹಾಕಿ ನೋಡಿದಳು. ಒಂದು ಚರಚರ ಇಲ್ಲ. ಅವಳಿಗೆ ನಾಚಿಕೆಯಾಯಿತು. "ಆಗ ಎಂತ ಆಗಿತ್ತು ಹಮೀದಣ್ಣ?"

"ತೇವ. ನಮ್ಮಲ್ಲಿ ಉಪ್ಪು ಗಾಳಿ ಅಲ್ವಾ" ಎಂದ. ನನ್ನ ಕಡೆ ನೋಡಲಿಲ್ಲ.

ಅವನು ಹೋದ ಮೇಲೆ ಪೆಟ್ಟಿಗೆಯಲ್ಲಿ ಕೈ ಆಡಿಸಿದೆ. ಮೂಲೆಯಲ್ಲಿ ಹೊಸ ಮಣಿಯ ಚೀಲ. ಅದರ ಕೆಳಗೆ ನನ್ನ ನೀಲಿ ಚೌಕುಳಿ ತುಂಡು — ಒಗೆದು, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ. ಆ ಸೀರೆ ನಾನು ದಿನಾ ಉಡುತ್ತಿದ್ದದ್ದು. ಅವನು ಗುರುತಿಸದೆ ಇರುತ್ತಾನೆಯೇ? ಎಲ್ಲ ಗೊತ್ತಿದ್ದೂ ಏಳು ವರ್ಷ ಆ ಹೆಸರು ಹೊತ್ತುಕೊಂಡು ತಿರುಗಿದ. ಅಜ್ಜಿಯ ಮರ್ಯಾದೆ ಎಂದೋ, ಹೇಳಿದರೆ ಯಾರು ನಂಬುತ್ತಾರೆ ಎಂದೋ — ನಾನು ಕೇಳಿಲ್ಲ. ಕೇಳುವ ಬಾಯಿ ನನಗಿಲ್ಲ.

ಮಾರನೆ ಬೆಳಿಗ್ಗೆ ಗಂಜಿಗೆ ಕುಳಿತಾಗ ವಿದ್ಯಾಳಿಗೆ ಹೇಳಿದೆ. ಉಪ್ಪಿನದ್ದು, ಕಮಲಳದ್ದು, ಎರಡೂ. ಅವಳು ಬಟ್ಟಲು ಸರಿಸಿ ಎದ್ದು ಹೋದಳು. ನಾನು ಬಟ್ಟೆಯ ತುಂಡನ್ನು ಸೊಂಟಕ್ಕೆ ಸಿಕ್ಕಿಸಿ ಜಂಕ್ಷನ್ನಿಗೆ ನಡೆದೆ. ಹಮೀದ್ ಅಂಗಡಿಯ ಬೋರ್ಡು ಇಳಿಸುತ್ತಿದ್ದ. ಅವನ ಹತ್ತಿರ ಹೋಗಲಿಲ್ಲ. ಹೆಸರು ಕೆಟ್ಟದ್ದು ರಿಕ್ಷಾ ಸ್ಟ್ಯಾಂಡಿನಲ್ಲಿ, ಅಲ್ಲಿಗೇ ಹೋದೆ. ತುಂಡು ಬಿಡಿಸಿ ಹಿಡಿದು, ಮೈಕ್ ಕೆಡಿಸಿದ್ದು ನಾನು, ಅವನಲ್ಲ ಎಂದೆ.

"ಅಜ್ಜಿಗೆ ಅರಳುಮರಳು ಮಾರಾಯ" ಎಂದು ಒಬ್ಬ ನಕ್ಕ. "ಬಿಸಿಲಿಗೆ ನಿಲ್ಬೇಡಿ ಅಜ್ಜಿ, ಬನ್ನಿ, ಮನೆಗೆ ಬಿಡ್ತೇನೆ" ಎಂದು ಇನ್ನೊಬ್ಬ ಗಾಡಿ ಸ್ಟಾರ್ಟ್ ಮಾಡಿದ.

ಆಚೆ ಹಮೀದ್ ಬೋರ್ಡು ಹಿಡಿದುಕೊಂಡೇ ನಿಂತಿದ್ದ. ಬೇಡ ಎಂಬಂತೆ ತಲೆ ಆಡಿಸಿದ.

ನಾನು ರಿಕ್ಷಾ ಹತ್ತಲಿಲ್ಲ. ಎಂಜಿನ್ ಬಂದ್ ಮಾಡು ಎಂದೆ. ಮಾಡಿದ. ಮತ್ತೆ ಮೊದಲಿಂದ ಹೇಳಿದೆ.