ಕಾಗೆಯ ಪಾಲಿನ ಪುಂಡಿ, ಕೋಟ್ಯಧೀಶರ ತಟ್ಟೆಯಲ್ಲಿ

ಬೆಳಗಿನ ನಾಲ್ಕೂವರೆ. ಮೆಲ್ಬರ್ನ್‌ನ ಯಾರಾ ನದಿಯ ದಂಡೆಯಲ್ಲಿರುವ ದೊಡ್ಡ ರೆಸ್ಟೋರೆಂಟೊಂದರ ಹಿಂಬಾಗಿಲು. ಜೂನ್ ತಿಂಗಳ ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿವೆ. ಒಳಗೆ ಉದ್ದನೆಯ ಮರದ ಹಲಗೆಯ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದಾರೆ. ರವೆ ಹಿಟ್ಟನ್ನು ಹುರಿಯಂತೆ ಉರುಳಿಸುತ್ತಾರೆ, ಕಡಲೆ ಗಾತ್ರಕ್ಕೆ ಕತ್ತರಿಸುತ್ತಾರೆ, ಹೆಬ್ಬೆರಳಿನಿಂದ ಒತ್ತಿ ಮಗುಚುತ್ತಾರೆ. ಹಲಗೆಯ ಮೇಲೊಂದು ಪುಟ್ಟ ಕಿವಿ ಬೀಳುತ್ತದೆ. ಅದರ ಬೆನ್ನಿಗೇ ಇನ್ನೊಂದು.

"ಅಯ್ಯಪ್ಪಾ, ಏನು ಚಳಿ" ಎಂದು ನನ್ನಷ್ಟಕ್ಕೆ ನಾನು ಗೊಣಗುತ್ತೇನೆ.

"ಚಳಿ ಅಂತ ಅಲ್ಲೇ ನಿಂತ್ರೆ ಆಗ್ತದಾ? ಬಾಗಿಲು ಹಾಕಿ ಒಳಗೆ ಬನ್ನಿ ಮಾರಾಯ್ರೆ. ಹಿಟ್ಟು ಒಣಗ್ತದೆ."

ಇಲ್ಲಿ ಕನ್ನಡ ಕೇಳಿ ನಾನು ದಂಗಾದೆ. ಬಾಗಿಲು ಹಾಕುವುದನ್ನೂ ಮರೆತು ನಿಂತೆ. ಅವರು ತಲೆಯೆತ್ತದೆ, "ಬಾಗಿಲು" ಎಂದು ಮತ್ತೊಮ್ಮೆ ಹೇಳಬೇಕಾಯಿತು.

ನಿಜ ಹೇಳಿಬಿಡುತ್ತೇನೆ, ನಾನು ಅವರನ್ನು ನೋಡಲು ಬಂದವಳಲ್ಲ. ಬಂದದ್ದು ಇಟಲಿಯ ಹೆಸರಾಂತ ಬಾಣಸಿಗ ಔರೇಲಿಯೋ ಕಸ್ತಾಲ್ದಿಯವರ ಬಗ್ಗೆ ಬರೆಯಲು. ಅವರ ಅಡುಗೆಗೆಂದೇ ಒಂದು ಐಷಾರಾಮಿ ಪ್ರವಾಸವಿದೆ. ಹನ್ನೊಂದು ದಿನ, ಇಪ್ಪತ್ನಾಲ್ಕೇ ಜನ. ಸಿಡ್ನಿಯಲ್ಲಿ ಬಂದರು ಕಾಣುವ ಕೋಣೆ, ಒಂದು ಔತಣ, ದ್ರಾಕ್ಷಿತೋಟಕ್ಕೆ ಹೆಲಿಕಾಪ್ಟರ್, ಕೊನೆಗೆ ಮೆಲ್ಬರ್ನ್‌ನಲ್ಲಿ ಅವರದೇ ಈ ರೆಸ್ಟೋರೆಂಟಿನಲ್ಲಿ ಇನ್ನೊಂದು ಔತಣ. ಅದರ ದರ ಕೇಳಿ ನನಗೆ ಬಿಕ್ಕಳಿಕೆ ಬಂದಿತ್ತು. ಈಗ, 2007ರಲ್ಲಿ, ಭಾರತದ ಸಿರಿವಂತರನ್ನೂ ಸೆಳೆಯಬೇಕೆಂದು ಪ್ರವಾಸದ ಕಂಪನಿ ನನ್ನಂಥ ಪುಕ್ಕಟೆ ಅತಿಥಿಯನ್ನು ಕರೆದಿತ್ತು. ಅಡುಗೆಮನೆಯನ್ನೂ ಒಮ್ಮೆ ನೋಡಿ ಬನ್ನಿ ಎಂದು ಕಳಿಸಿದವರೂ ಅವರೇ. ಅಲ್ಲಿ ಸಿಕ್ಕಿದ್ದು ಉಡುಪಿಯ ಬಳಿಯ ಉದ್ಯಾವರದ ಗುಣವತಿ.

ಈ ಪ್ರವಾಸಕ್ಕೆ ಹೆಸರು ತಂದಿರುವುದೇ ಕಿವಿಯಾಕಾರದ ಆ ಪಾಸ್ತಾ. ಚಿಪ್ಪುಮೀನಿನ ರಸದಲ್ಲಿ ಬೆಂದು ಬರುತ್ತದೆ. ಕಳೆದ ಆರು ವರ್ಷಗಳಿಂದ ಅದನ್ನು ಮಾಡುತ್ತಿರುವುದು ಗುಣವತಿಯವರ ಬಲಗೈ ಹೆಬ್ಬೆರಳು. ತಟ್ಟೆಗೆ ನಲವತ್ತು ಕಿವಿ, ದಿನಕ್ಕೆ ಎಪ್ಪತ್ತು ತಟ್ಟೆ. ಅಂದರೆ ಎರಡು ಸಾವಿರದ ಎಂಟುನೂರು ಸಲ ಒತ್ತಬೇಕು. ಆ ಬೆರಳಿನ ತುದಿ ಮುಟ್ಟಿ ನೋಡಿದೆ, ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ಪೊಲೀಸ್ ಕ್ಲಿಯರೆನ್ಸಿಗೆಂದು ಬೆರಳಚ್ಚು ಕೊಡಲು ಹೋದಾಗ ಗೆರೆಯೇ ಮೂಡದೆ ಆಫೀಸರು ತಲೆ ಕೆರೆದುಕೊಂಡರಂತೆ.

"ಇದ್ರಲ್ಲಿ ಕಲಿಯುವಂಥದ್ದು ಎಂತ ಉಂಟು? ನಮ್ಮ ಮರುವಾಯಿ ಪುಂಡಿ ಅಲ್ವಾ! ಅಲ್ಲಿ ಅಕ್ಕಿ, ಇಲ್ಲಿ ರವೆ, ಅಷ್ಟೇ. ಅಮ್ಮ ನದಿಯಿಂದ ಮರುವಾಯಿ ತಂದು ಗಸಿ ಮಾಡಿದ್ರೆ ಪುಂಡಿ ಒತ್ತುವುದು ನನ್ನ ಕೆಲಸ." ಕರಾವಳಿಯಲ್ಲಿ ಮರುವಾಯಿ ಎಂದರೆ ಚಿಪ್ಪುಮೀನು, ಗಸಿ ಅದರ ಗಟ್ಟಿ ಸಾರು, ಪುಂಡಿ ಅಕ್ಕಿ ಹಿಟ್ಟಿನ ಪುಟ್ಟ ಕಡುಬು.

ಗುಣವತಿ ಗಂಡ ಸುಕೇಶರ ಜೊತೆ ಈ ದೇಶಕ್ಕೆ ಬಂದದ್ದು 1998ರಲ್ಲಿ. ಮೆಲ್ಬರ್ನ್ ಹೊರವಲಯದ ಕ್ಲೇಟನ್‌ನಲ್ಲಿ ಎರಡು ಕೋಣೆಯ ರೆಂಟ್ ಮನೆ. ಸುಕೇಶರಿಗೆ ಆಸ್ಪತ್ರೆಯಲ್ಲಿ ವಾರ್ಡ್ ತೊಳೆಯುವ ಕೆಲಸ, ಇವರಿಗೆ ಈ ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಒಂದು ದಿನ ಪಾಸ್ತಾ ಮಾಡುವವನು ರಜೆ ಹಾಕಿದ. ಸೋಪಿನ ಕೈ ಒರೆಸಿಕೊಂಡು ಇವರು ಹಲಗೆಯ ಮುಂದೆ ನಿಂತರು. ಮತ್ತೆ ಪಾತ್ರೆಯ ಕಡೆ ಯಾರೂ ಕಳಿಸಲಿಲ್ಲ. 2003ರಲ್ಲಿ ಊರಿನಲ್ಲಿ ಅಮ್ಮ ವೇದಾವತಿ ತೀರಿಕೊಂಡಾಗ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಇನ್ನೂ ಬಂದಿರಲಿಲ್ಲ. ದೇಶ ಬಿಟ್ಟು ಹೋದರೆ ಅರ್ಜಿಗೆ ತೊಂದರೆಯಾದೀತೆಂಬ ಹೆದರಿಕೆ.

"ಹೋಗ್ಲಿಕ್ಕೆ ಆಗ್ಲಿಲ್ಲ. ಆ ದಿನವೂ ಶಿಫ್ಟ್‌ಗೆ ಬಂದಿದ್ದೆ. ಮನೆಯಲ್ಲಿ ಕೂತು ಎಂತ ಮಾಡುವುದು?"

ಇಷ್ಟು ಹೇಳುವಾಗಲೂ ಬೆರಳು ನಿಲ್ಲಲಿಲ್ಲ. ಏಳು ಗಂಟೆಯ ಹೊತ್ತಿಗೆ ಒಂದು ಮುದ್ದೆ ಹಿಟ್ಟು ಮುಗಿಯಿತು. ಕೊನೆಯ ತುಂಡನ್ನು ಮಾತ್ರ ಅವರು ಒತ್ತಲಿಲ್ಲ. ಅಂಗೈಯಲ್ಲಿ ದುಂಡಗೆ ಉರುಳಿಸಿ ತಮ್ಮ ಊಟದ ಡಬ್ಬಿಯ ಮುಚ್ಚಳದಲ್ಲಿ ಇಟ್ಟುಕೊಂಡರು.

ನಾನು ಕೂತಲ್ಲಿಂದ ಎದ್ದುಬಿಟ್ಟೆ. ಆ ಉಂಡೆ ನನಗೆ ಗೊತ್ತು! ನಾಲ್ಕು ದಿನದ ಹಿಂದೆ ಸಿಡ್ನಿಯ ಔತಣದಲ್ಲಿ ಅದು ನನ್ನದೇ ತಟ್ಟೆಗೆ ಬಂದಿತ್ತು. ಇಪ್ಪತ್ಮೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. 'ಅಜ್ಜಿಯ ಮುತ್ತು' ಎಂದು ಪ್ರವಾಸದ ಬಣ್ಣದ ಪುಸ್ತಿಕೆಯಲ್ಲಿ ಒಂದು ಪುಟವೇ ಇದೆ: ಕಸ್ತಾಲ್ದಿಯವರ ಅಜ್ಜಿ ಹಿಟ್ಟಿನ ಕೊನೆಯ ತುಂಡನ್ನು ಒತ್ತದೆ ಬಿಡುತ್ತಿದ್ದಳು, ಅದು ಯಾರ ತಟ್ಟೆಗೆ ಬರುತ್ತದೋ ಅವರಿಗೆ ವರ್ಷವಿಡೀ ಅದೃಷ್ಟ. ನಾನು ಅದನ್ನು ಕಣ್ಣು ಮುಚ್ಚಿ, ಭಕ್ತಿಯಿಂದ ಜಗಿದು ನುಂಗಿದ್ದೆ.

"ಅದು ನಮ್ಮಮ್ಮನದ್ದು" ಎಂದರು ಗುಣವತಿ. "ಹಿಟ್ಟು ಮುಗೀತು ಅಂತ ಆಗ್ಬಾರ್ದು ಅಂತ ಅಮ್ಮ ಕೊನೆಯದ್ದು ಒತ್ತುವುದಿಲ್ಲ. ಒಲೆಕಟ್ಟೆಯಲ್ಲಿ ಇಡುವುದು, ಬೆಳಿಗ್ಗೆ ಕಾಗೆಗೆ ಹಾಕುವುದು. ನಾನೂ ಹಾಗೇ. ಕ್ಲೇಟನ್ ಸ್ಟೇಷನ್‌ನಲ್ಲಿ ಹಾಕ್ತೇನೆ. ಇಲ್ಲಿ ಮ್ಯಾಗ್‌ಪೈ ಹಕ್ಕಿ ಬರ್ತದೆ. ಪರವಾಗಿಲ್ಲ, ಅದೂ ಕಪ್ಪೇ ಅಲ್ವಾ, ಅರ್ಧ."

"ಕಾಗೆಗಾ?"

"ಹೌದು. ತಿನ್ಲಿಕ್ಕಲ್ಲ ಅದು. ಬೇಯುವುದೂ ಇಲ್ಲ ಸರಿ."

ಕಾಗೆಯ ಪಾಲನ್ನು ನಾನು ಬೆಳ್ಳಿಯ ಚಮಚದಲ್ಲಿ ತಿಂದಿದ್ದೆ!

ಎರಡು ವರ್ಷದ ಹಿಂದೆ, ಪ್ರವಾಸದವರ ಊಟಕ್ಕೆಂದು ಗುಣವತಿಯವರನ್ನು ಸಿಡ್ನಿಗೆ ಕರೆಸಿದ್ದರಂತೆ. ಹಲಗೆಯ ಮೂಲೆಯಲ್ಲಿಟ್ಟ ಉಂಡೆಯನ್ನು ಹೊಸ ಅಡುಗೆಯವನೊಬ್ಬ ಉಳಿದದ್ದರ ಜೊತೆ ಬಾಚಿ ಕುದಿಯುವ ನೀರಿಗೆ ಹಾಕಿಬಿಟ್ಟ. ಅತಿಥಿಯೊಬ್ಬಳು ಅದನ್ನು ಫೋರ್ಕಿನಲ್ಲಿ ಚುಚ್ಚಿ ಮೇಲೆತ್ತಿ, "ಇದೇನು?" ಎಂದಳು. ಗುಣವತಿ ಕೊನೆಯ ತುಂಡನ್ನು ಎತ್ತಿಡುವುದನ್ನು ಕಂಡಿದ್ದ ಕಸ್ತಾಲ್ದಿ ಒಂದು ಗಳಿಗೆ ಅಡುಗೆಮನೆಯ ಕಡೆ ನೋಡಿದರು, ಆಮೇಲೆ ಅಜ್ಜಿಯ ಕಥೆ ಹೇಳಿದರು. ಬಾಗಿಲ ಹಿಂದೆ ನಿಂತಿದ್ದ ಗುಣವತಿಗೆ ಕೆಲಸ ಉಳಿಯಿತು ಎಂಬುದಷ್ಟೇ ಸಮಾಧಾನ. ಮರುವರ್ಷದಿಂದ ಪ್ರತಿ ಔತಣಕ್ಕೂ ಒಂದು ಉಂಡೆ ಬೇಕೆಂದು ಆರ್ಡರ್ ಬಂತು. ಅದನ್ನು ಬೇರೆಯೇ ಮಾಡಿಕೊಡುತ್ತಾರೆ, ಸಿಡ್ನಿಗೂ ಇಲ್ಲಿಂದಲೇ ಕಳಿಸುತ್ತಾರೆ. ಡಬ್ಬಿಯ ಮುಚ್ಚಳದಲ್ಲಿರುವುದು ಮಾತ್ರ ಅಮ್ಮನ ಲೆಕ್ಕದ್ದು.

ಯೂನಿವರ್ಸಿಟಿಯಲ್ಲಿ ಓದುವ ಮಗಳು ದೀಕ್ಷಿತಾ ಮೊನ್ನೆ ಆ ಪುಸ್ತಿಕೆಯನ್ನು ಮನೆಗೆ ತಂದು ಓದಿ ಹೇಳಿದ್ದಾಳೆ. "ಮಾಮ್, ದಿಸ್ ಈಸ್ ಸ್ಟೀಲಿಂಗ್" ಎಂದು ಕೂಗಾಡಿದ್ದಾಳೆ. ಸುಕೇಶ್ ಮಾತ್ರ, ಸುಮ್ಮನಿರು, ದೊಡ್ಡವರ ಬಾಯಿಗೆ ಬಿದ್ದರೆ ಕೆಲಸಕ್ಕೇ ಕುತ್ತು ಎಂದಿದ್ದಾರೆ. ಗುಣವತಿ ಮೂರು ರಾತ್ರಿ ಯೋಚಿಸಿದ್ದಾರೆ. ಇವತ್ತು ಕಸ್ತಾಲ್ದಿ ರುಚಿ ನೋಡಲು ಬರುವ ದಿನ.

"ನನ್ನ ಹೆಸರು ಬೇಡ. ನನಗೆ ಸಂಬಳ ಕೊಡ್ತಾರೆ. ಅಮ್ಮನಿಗೆ ಎಂತ ಕೊಟ್ಟಿದ್ದಾರೆ? ಅವಳ ಹೆಸರು ಒಂದು ಸಲ ಹೇಳ್ಲಿ. ಅಷ್ಟು ಕೇಳ್ತೇನೆ."

ಒಂಬತ್ತು ಗಂಟೆಗೆ ಕಸ್ತಾಲ್ದಿ ಬಂದರು. ಎತ್ತರದ ಆಳು, ಬಿಳಿ ಕೂದಲು, ಸುತ್ತ ನಾಲ್ಕು ಜನ ಸಹಾಯಕರು. ಕಿವಿಯೊಂದನ್ನು ಹಸಿಯಾಗಿಯೇ ಬಾಯಿಗೆ ಹಾಕಿ ತಲೆದೂಗಿದರು. ಗುಣವತಿ ಏಪ್ರನ್‌ಗೆ ಕೈ ಒರೆಸಿಕೊಂಡು, ಒಡೆದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು. ಅಮ್ಮ, ಒಲೆ, ಕಾಗೆ ಯಾವುದನ್ನೂ ಬಿಡಲಿಲ್ಲ. ಕಾಗೆ ಎಂದಾಗ ಸಹಾಯಕರೊಬ್ಬರ ಮುಖ ಸುಣ್ಣ ಬಳಿದಂತಾಯಿತು. ಈ ಹೆಂಗಸಿನ ಕೆಲಸ ಇವತ್ತೇ ಹೋಯಿತು ಎಂದು ನನಗೂ ಖಾತ್ರಿಯಾಯಿತು.

ಕಸ್ತಾಲ್ದಿ ಸಹಾಯಕರನ್ನು ಹೊರಗೆ ಕಳಿಸಿದರು. ಮೂಲೆಯಲ್ಲಿದ್ದ ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

"ನನಗೆ ಅಜ್ಜಿಯೇ ಇರಲಿಲ್ಲ, ಗುಣಾ" ಎಂದರು. "ನಾನು ಅನಾಥಾಶ್ರಮದಲ್ಲಿ ಬೆಳೆದವನು. ಅಲ್ಲಿ ಪಾಸ್ತಾ ಕಾರ್ಖಾನೆಯ ಪೊಟ್ಟಣದಲ್ಲಿ ಬರುತ್ತಿತ್ತು. ಜನರಿಗೆ ಇಟಲಿಯವನೆಂದರೆ ಅಜ್ಜಿ ಬೇಕು. ಅವತ್ತು ಬಾಯಿಗೆ ಬಂತು, ಹೇಳಿದೆ. ಹೇಳಿ ಹೇಳಿ ಈಗ ಅವಳ ಮುಖ ಕೂಡ ಕಾಣುತ್ತದೆ."

ನಾನು ಬರೆಯುವುದನ್ನು ನಿಲ್ಲಿಸಿದೆ. ಯಾವುದಕ್ಕೆ ಬೆಚ್ಚಿಬೀಳಬೇಕೆಂದೇ ತಿಳಿಯಲಿಲ್ಲ. ಅವರು ಗುಣವತಿಯವರ ಅಮ್ಮನ ಹೆಸರು ಕೇಳಿದರು. ನಾಲ್ಕು ಸಲ ಹೇಳಿಸಿಕೊಂಡರು, ಹೋಗುವಾಗ ಗೊಣಗುತ್ತಲೇ ಹೋದರು. ಮಾತು ಮಾತ್ರ ಕೊಡಲಿಲ್ಲ.

ಸಂಜೆ ಔತಣಕ್ಕೆ ನನಗೆ ಹಾಲ್‌ನಲ್ಲಿ ಕುರ್ಚಿಯಿತ್ತು. ನಾನು ಅಡುಗೆಮನೆಯ ಬಾಗಿಲ ಹಿಂದೆ ಗುಣವತಿಯವರ ಪಕ್ಕದಲ್ಲಿ ನಿಂತೆ. ಗುಂಡು ಕಿಟಕಿಯಲ್ಲಿ ಇಬ್ಬರದೂ ಮೂಗು. ಉಂಡೆ ಯಾರದೋ ತಟ್ಟೆಗೆ ಬಂತು, ಕಸ್ತಾಲ್ದಿ ಲೋಟ ಎತ್ತಿದರು.

"ಇದು ನನ್ನ ಅಜ್ಜಿಯ ಕ್ರಮ. ಅವಳ ಹೆಸರು ವೇದಾವತಿ. ಅರಬ್ಬಿ ಸಮುದ್ರದ ದಂಡೆಯವಳು."

ಇಟಲಿಯ ಪಕ್ಕಕ್ಕೆ ಅರಬ್ಬಿ ಸಮುದ್ರ ಎಲ್ಲಿಂದ ಬಂತೆಂದು ಒಬ್ಬರೂ ಕೇಳಲಿಲ್ಲ. ಚಪ್ಪಾಳೆಯೋ ಚಪ್ಪಾಳೆ.

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ಅಜ್ಜಿ ಅಂದ್ರಲ್ಲ! ನಿಮ್ಮಮ್ಮ ಅನ್ನಬೇಕಿತ್ತು. ಇದನ್ನೆಲ್ಲ ಬರೀತೀನಿ, ಬಿಡಲ್ಲ."

ಗುಣವತಿ ಬಾಯಿಗೆ ಅಡ್ಡ ಹಿಡಿದಿದ್ದ ಕೈ ತೆಗೆದರು. ಗಲ್ಲದ ಮೇಲೆ ರವೆ ಹಿಟ್ಟಿನ ಅಚ್ಚು ಉಳಿದಿತ್ತು.

"ಬರೀರಿ ಬೇಕಾದ್ರೆ. ಆದ್ರೆ ಬೈಬೇಡಿ. ಅವರಿಗೆ ಅಜ್ಜಿ ಇಲ್ಲ ಅಲ್ವಾ, ಪಾಪ. ಇಟ್ಕೊಳ್ಳಲಿ. ಹೆಸರು ಸರಿ ಹೇಳಿದ್ರಾ ಇಲ್ವಾ, ಹೇಳಿ ನೀವು?"

ಹೇಳಿದರು ಎಂದೆ. ಅವರು ಡಬ್ಬಿ ಚೀಲಕ್ಕೆ ಹಾಕಿ, ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು.

"ಬರುವ ವಾರ ಇನ್ನೊಂದು ಗುಂಪು ಬರ್ತದಂತೆ. ಸಿಡ್ನಿಯಲ್ಲೂ ಅವಳ ಹೆಸರು ಹೇಳ್ತಾರಲ್ಲ ಇನ್ನು... ನಮ್ಮಮ್ಮ ಮಂಗಳೂರು ಸಹ ನೋಡಿದವಳಲ್ಲ, ಗೊತ್ತುಂಟಾ?"